ಮೂರು ಸೆಕೆಂಡಿಗೆ ಒಂದು ದಿನದ ಬಾಡಿಗೆ

ಆ ಮೂರು ಸೆಕೆಂಡನ್ನು ಅಳಿಸಲು ನನಗೆ ಇಪ್ಪತ್ತೈದು ಸಾವಿರ ಖರ್ಚಾಯಿತು. ನಮ್ಮ ತೆಂಗಿನ ತೋಟದಲ್ಲಿ ಹನ್ನೆರಡು ವರ್ಷದಿಂದ ಕಾಯಿ ಆಯುವ ಹೆಂಗಸನ್ನು ಸಿನಿಮಾದವರು ಹಿಂದಿನಿಂದ ಚಿತ್ರೀಕರಿಸಿದ್ದರು. ಅದನ್ನು ತೆಗೆಸಲು ಒಂದು ದಿನದ ಬಾಡಿಗೆ ಬಿಟ್ಟುಕೊಟ್ಟೆ. ಕೂಲಿಯಿಂದ ಮೇಲೆ ಬಂದು ತೋಟ ಮಾಡಿದವನು ನಾನು, ಹತ್ತು ರೂಪಾಯಿಗೂ ಜಗ್ಗಾಡುವವನು.

ನೊಣವಿನಕೆರೆ ರಸ್ತೆಯ ನಮ್ಮ ಕೊಬ್ಬರಿ ಮನೆಯಲ್ಲಿ ಹೊಡೆದಾಟದ ದೃಶ್ಯ ತೆಗೆಯಬೇಕೆಂದು ಸಿನಿಮಾ ಮ್ಯಾನೇಜರ್ ಬಂದಾಗ ನಾನು ಕೇಳಿದ್ದು ಇಷ್ಟೇ: ಎಷ್ಟು ದಿನ, ಎಷ್ಟು ಬಾಡಿಗೆ, ಕಾಯಿ ಒಣಗುವ ಅಟ್ಟ ಮುರಿದರೆ ಯಾರು ಹೊಣೆ. ಅವನು ಹೇಳಿದ ದರವನ್ನು ಎರಡರಷ್ಟು ಮಾಡಿಸಿದೆ. ಏನು ತೆಗೆಯುತ್ತೀರಿ ಎಂದು ಕೇಳಲಿಲ್ಲ. ತೋಟದ ಕೆಲಸ ಮಾಡುವ ಒಬ್ಬ ಹೆಂಗಸೂ ಬೇಕು ಎಂದ. ಕಾಯಿ ಆಯುವ ಆಕೆಯನ್ನು ನಾನೇ ಒಪ್ಪಿಸಿದೆ.

"ದಿನಾ ಮಾಡೋ ಕೆಲ್ಸನೇ ಕಣಮ್ಮ. ಕೂಲಿ ಡಬಲ್ ಕೊಡುಸ್ತೀನಿ."

"ನನ್ನ ನೋಡಕ್ಕೆ ಯಾರಣ್ಣ ಟಿಕೇಟ್ ತಗಳ್ತಾರೆ," ಎಂದು ನಕ್ಕು ಒಪ್ಪಿದಳು.

ಮೊದಲ ದಿನ ನಾಯಕ ಅಟ್ಟದಿಂದ ಹಾರಿ ಹತ್ತು ಜನರನ್ನು ಕೆಡವಿದ. ಅವನ ಮುಖ, ಮುಷ್ಟಿ, ಮತ್ತೆ ಮುಖ. ನಟಿಯನ್ನು ಕಂಬಕ್ಕೆ ಕಟ್ಟಿದ್ದರು. ಆಕೆಗೆ ಬೇರೇನೂ ಕೆಲಸವಿರಲಿಲ್ಲ, ಒದ್ದೆಯಾಗಬೇಕಿತ್ತು ಅಷ್ಟೆ. ಸೂರಿನ ಕೆಳಗೆ ನೀರು ಎಲ್ಲಿಂದ ಬಂತು ಎಂದು ಕೇಳಿದರೆ, ಪೈಪ್ ಒಡೆಯಿತು ಅಂದುಕೊಳ್ಳಿ ಎಂದರು. ಕೊಬ್ಬರಿ ಮನೆಯೊಳಗೆ ನೀರಿನ ಪೈಪ್ ಎಳೆಯುವ ದಡ್ಡ ನಮ್ಮ ಸೀಮೆಯಲ್ಲಿ ಯಾವನಿದ್ದಾನೆ. ಏಳು ಸಲ ನೀರು ಹೊಯ್ದರು. ಪ್ರತಿ ಸಲ ಕಟ್ ಎಂದ ಕೂಡಲೇ ಆ ಹುಡುಗಿ ದಪ್ಪ ಟವೆಲ್ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು.

ಮಧ್ಯಾಹ್ನ ತೋಟದಲ್ಲಿ ನಮ್ಮ ಕೆಲಸದಾಕೆಯ ಶಾಟ್ ಆಯಿತು. ಸಂಜೆ ಮಾನಿಟರ್ ಸುತ್ತ ನಾಲ್ಕೈದು ಗಂಡಸರು ನಿಂತು ನಗುತ್ತಿದ್ದರು. ನಾನೂ ಇಣುಕಿದೆ. ಆಕೆ ಬಗ್ಗಿ ಕಾಯಿ ಆಯುತ್ತಿದ್ದಾಳೆ. ಸೀರೆ ಎತ್ತಿ ಸಿಕ್ಕಿಸಿಕೊಂಡಿದ್ದಾಳೆ. ಕೆಲಸಕ್ಕೆ ಬರುವ ಎಲ್ಲ ಹೆಂಗಸರೂ ಹಾಗೆಯೇ, ಯಾರೂ ತಿರುಗಿ ನೋಡಿದ್ದಿಲ್ಲ. ಕ್ಯಾಮೆರಾ ಮಾತ್ರ ಮೀನಖಂಡದಿಂದ ಮೇಲೆ ತೆವಳಿ ಸೊಂಟದ ಹತ್ತಿರ ನಿಂತಿತ್ತು. ಅದರ ಮುಂದಿನ ಶಾಟಿನಲ್ಲಿ ರೌಡಿಯೊಬ್ಬ ತುಟಿ ಸವರಿಕೊಳ್ಳುತ್ತಾನೆ. ಇಂಥದ್ದಕ್ಕೆ ತಿಪಟೂರಿನ ಟಾಕೀಸಿನಲ್ಲಿ ನಾನೂ ಶಿಳ್ಳೆ ಹೊಡೆದವನೇ. ಅವತ್ತು ಕೌಟು ಕೊಬ್ಬರಿ ಕಚ್ಚಿದಂತೆ ಬಾಯೆಲ್ಲ ಕೆಟ್ಟುಹೋಯಿತು.

ಆಕೆ ನನ್ನ ಹಿಂದೆಯೇ ನಿಂತಿದ್ದಳು.

"ಇದ್ರಲ್ಲಿ ನನ್ ಮಕ ಎಲ್ಲೈತಣ್ಣ?" ಎಂದಳು. "ಮಕ ಇಲ್ದಿದ್ರೂ ಊರೋರು ಸೀರೆ ಗುರ್ತು ಹಿಡೀತಾರೆ. ನೀವ್ ಹೇಳಿದ್ರಿ ಅಂತ ನಿಂತ್ಕಂಡೆ. ತೆಗ್ಸಿ ಅದ್ನ."

ಮ್ಯಾನೇಜರ್‌ನನ್ನು ಕರೆದೆ.

"ಮೂರೇ ಸೆಕೆಂಡ್ ಸಾರ್. ಜನಕ್ಕೆ ಬೇಕಾಗುತ್ತೆ," ಎಂದ.

"ಮೂರೇ ಸೆಕೆಂಡ್ ಅಲ್ವಾ? ಕಿತ್ತಾಕಿದ್ರೆ ನಿಮ್ಗೇನೂ ನಷ್ಟ ಇಲ್ಲ ಬುಡಿ."

"ಹೀರೋನೇ ಮೆಚ್ಕೊಂಡಿದಾರೆ ಸಾರ್."

"ಹಂಗಾದ್ರೆ ಅವ್ರೇ ಪಂಚೆ ಎತ್ತಿ ಕಟ್ಕಂಡು ಬಗ್ಲಿ. ಹಿಂದ್ಗಡೆಯಿಂದ ತೆಗೀರಿ. ಕಾಯಿ ನಾನು ಹಾಕ್ತೀನಿ."

ಅವನು ಅಗ್ರಿಮೆಂಟ್ ತೆಗೆದು ತೋರಿಸಿದ. ಅದರಲ್ಲಿ ಅಟ್ಟದ ಮಾತಿತ್ತು, ಆಳಿನ ಮಾತಿರಲಿಲ್ಲ. ತಪ್ಪು ನನ್ನದೇ. ಆದರೆ ಹೊಡೆದಾಟದ ಅರ್ಧ ನಾಳೆಗೆ ಉಳಿದಿತ್ತು, ಕೊಬ್ಬರಿ ಮನೆಯ ಬೀಗದ ಕೈ ನನ್ನ ಬಳಿ ಇತ್ತು. ನಾಳೆಯ ಬಾಡಿಗೆ ಬೇಡ, ಅದನ್ನು ಅಳಿಸಿದರೆ ಬಾಗಿಲು ತೆಗೆಯುತ್ತೇನೆ ಎಂದೆ. ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ ಬಂದು ಒಪ್ಪಿದ. ಆಕೆಯನ್ನೇ ಮಾನಿಟರ್ ಮುಂದೆ ಕೂರಿಸಿ, "ಹೋಯ್ತು" ಎಂದು ಆಕೆ ಹೇಳುವ ತನಕ ಕಾದೆ. ಬೇರೆಲ್ಲೂ ಪ್ರತಿ ಇಲ್ಲವೆಂದು ಬರೆಸಿಕೊಂಡೆ. ಆ ನಟಿಗೆ ಏಳು ಸಲ ನೀರು ಹೊಯ್ದು ತೆಗೆದದ್ದು ಹಾಗೇ ಉಳಿಯಿತು. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ನಿಮ್ಮ ತೋಟ ಕೇಳಿಕೊಂಡು ಸಿನಿಮಾದವರು ಬಂದರೆ ಬಾಡಿಗೆ ಆಮೇಲೆ ಮಾತಾಡಿ. ಏನು ತೆಗೆಯುತ್ತೀರಿ ಎಂದು ಮೊದಲು ಕೇಳಿ. ಕೆಲಸದವರ ಪರವಾಗಿ ನೀವು ಹೂಂ ಅನ್ನಲು ಹೋಗಬೇಡಿ, ಅವರನ್ನೇ ಕೂರಿಸಿ ಮಾತಾಡಿಸಿ. ತೆಗೆದದ್ದನ್ನು ಅದರಲ್ಲಿರುವವರೇ ಮೊದಲು ನೋಡಬೇಕು, ಬೇಡವೆಂದರೆ ಅವತ್ತೇ ಅಳಿಸಬೇಕು ಎಂದು ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿ. ಅದಕ್ಕೆ ತಕರಾರು ತೆಗೆದರೆ ಗೇಟಿನಿಂದಲೇ ಕಳಿಸಿಬಿಡಿ. ಇದನ್ನೆಲ್ಲ ಅಡ್ವಾನ್ಸ್ ಮುಟ್ಟುವ ಮೊದಲೇ ಮಾಡಿ. ಮುಟ್ಟಿದ ಮೇಲೆ ಬಾಯಿ ಬರುವುದಿಲ್ಲ.