ಮುಷ್ಟಿ ಹಿಡಿ, ಬಿಡು

ಅಕ್ಕೋರ ಬಲಗೈಯ ಹೆಬ್ಬೆರಳು ವರ್ಷದ ಹನ್ನೆರಡು ತಿಂಗಳೂ ನೇರಳೆ ಬಣ್ಣದ್ದು. ನಮ್ಮ ಮೊಣಕಾಲುಗಳಿಗೆ ಹಚ್ಚುತ್ತಿದ್ದ ನೀಲಿ ಔಷಧ ಉಗುರಿನ ಸಂದಿಗೆ ಇಳಿದು ಯಾವ ಸಾಬೂನಿಗೂ ಬಗ್ಗದೆ ಕೂತಿತ್ತು. ಅವರು ಹಲಗೆಯ ಮೇಲೆ ಬರೆಯುವಾಗ ನಾವು ಅಕ್ಷರ ಬಿಟ್ಟು ಬೆರಳನ್ನೇ ನೋಡುತ್ತಿದ್ದೆವು. "ಬೆರಳ ನೋಡಿದ್ರ ಪಾಸ್ ಆಗಂಗಿಲ್ಲ, ಹಲಗಿ ನೋಡ್ರಿ," ಎಂದು ತಿರುಗದೆಯೇ ಹೇಳುತ್ತಿದ್ದರು.

ಎಂಬತ್ತರ ದಶಕದ ಮಾತು. ಬೇಡಕಿಹಾಳದ ನಮ್ಮ ಶಾಲೆಗೆ ಅವರು ಅಥಣಿ ಕಡೆಯಿಂದ ಶಿಕ್ಷಕಿಯಾಗಿ ಬಂದವರು. ಜೈನರ ಮನೆಯವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲೇ ಉಂಡು, ಇದ್ದ ಒಂದು ತಾಟು ತೊಳೆದು ಬೋರಲು ಹಾಕಿ, ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದರು. ಹೋಗುವವರು "ಊಟ ಆತ್ರಿ ಅಕ್ಕೋರ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದರು. ಊರು ಕೆಟ್ಟದ್ದೇನಲ್ಲ. ಸಂಜೆಯಾದರೆ ಎಲ್ಲರಿಗೂ ಅವರವರ ಮನೆಯ ಅವಸರ.

ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಅವರ ಬಿಸ್ಕೀಟಿನ ತಗಡು ಡಬ್ಬಿ ಹೊರಗೆ ಬರುತ್ತಿತ್ತು. ಅದರಲ್ಲಿ ಹತ್ತಿ, ಕತ್ತರಿ, ಸಾಬೂನಿನ ತುಂಡು, ನೀಲಿ ಔಷಧ, ಮತ್ತು ತಮ್ಮದೇ ಹಳೆಯ ಬಿಳಿ ಸೀರೆ ಕುದಿಸಿ, ಒಣಗಿಸಿ, ಹರಿದು ಸುತ್ತಿಟ್ಟ ಪಟ್ಟಿಗಳು. ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿ ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಿಸುತ್ತಿದ್ದರು. "ಉಗುರ ಒತ್ತಿ ಬಿಡ್ರಿ. ತಿರಗಿ ಕೆಂಪ ಬರ್ಲಿಲ್ಲಂದ್ರ ಕಟ್ಟು ಬಿಗಿ ಆಗೇತಿ, ಸಡಲ ಮಾಡ್ರಿ." ನಮ್ಮ ನಿಪ್ಪಾಣಿ ಸೀಮೆಯಲ್ಲಿ ಕುಡಗೋಲು ತಾಗಿದರೆ ಗಾಯಕ್ಕೆ ತಂಬಾಕಿನ ಪುಡಿ ತುಂಬುವುದು ರೂಢಿ. "ತಂಬಾಕ ಪ್ಯಾಟಿಗಿ ಹೋಗ್ಲಿ, ಗಾಯಕ್ಕ ಸಾಬೂನ ನೀರ ಸಾಕು," ಎಂದು ಗದರುತ್ತಿದ್ದರು. ಸುಟ್ಟ ಗಾಯದ ಪಾಠವಂತೂ ನಮಗೆ ಮಗ್ಗಿಯ ಹಾಗೆ ಬಾಯಿಪಾಠ.

"ಸುಟ್ಟರ ಏನ ಹಾಕ್ತೀರಿ?"

"ನೀರು."

"ಮನ್ಯಾಗ ಬೈದ್ರ?"

"ನೀರು."

"ಹೊಡದ್ರ?"

"ನೀರ ರೀ ಅಕ್ಕೋರ."

ಆ ನೀರೇ ಅವರಿಗೆ ಮುಳುವಾಯಿತು.

ಕಬ್ಬಿನ ಹಂಗಾಮಿನಲ್ಲಿ ಬೆಲ್ಲದ ಗಾಣದ ಹತ್ತಿರ ಎಲೆ ಹಿಡಿದು ನಿಂತರೆ ಮಕ್ಕಳಿಗೆ ಒಂದಿಷ್ಟು ಬಿಸಿ ಪಾಕ ಸಿಗುತ್ತಿತ್ತು. ಆಸೆಬುರುಕಿಯಾದ ನಾನು ಎಲ್ಲರಿಗಿಂತ ಮುಂದೆ ಕೈ ಚಾಚಿದೆ. ಸೌಟು ತಪ್ಪಿ ಪಾಕವೆಲ್ಲ ನನ್ನ ಬಲಗೈ ಮೇಲೆ ಸುರಿಯಿತು. ಪಕ್ಕದ ಮನೆಯ ಗೆಳತಿ ನನ್ನನ್ನು ಎಳೆದುಕೊಂಡು ಓಡಿ, ಪಂಪಿನ ಕಾಲುವೆಯ ನೀರಿನಲ್ಲಿ ಆ ಕೈಯನ್ನು ಅದ್ದಿ ಹಿಡಿದಳು. ನನ್ನನ್ನು ಸಾಕಿದ ಅಜ್ಜಿ, ಸುಟ್ಟಲ್ಲಿ ಸುರಿಯಲು ಶಾಯಿ ಬಾಟಲಿ ಹಿಡಿದು ಓಡಿಬಂದಳು.

"ಸುಟ್ಟದ್ದಕ್ಕ ನೀರ ಹಾಕ್ತಾರೇನ ಬೇ? ಬೊಬ್ಬಿ ಬರ್ತಾವ, ಬಿಡ ಕೈ."

"ಅಕ್ಕೋರ ಹೇಳ್ಯಾರ, ನಾ ಬಿಡಂಗಿಲ್ಲ," ಎಂದು ಗೆಳತಿ ಅಳುತ್ತಲೇ ಹಿಡಿದಿದ್ದಳು.

ಮರುದಿನ ಕೈತುಂಬ ದ್ರಾಕ್ಷಿ ಗಾತ್ರದ ಬೊಬ್ಬೆಗಳು. ಅಷ್ಟು ಸುಟ್ಟ ಕೈಗೆ ನೀರು ಹಾಕಿದರೂ ಬೊಬ್ಬೆ, ಹಾಕದಿದ್ದರೂ ಬೊಬ್ಬೆ. ಆದರೆ ಊರಿಗೆ ಕಂಡದ್ದು ನೀರು ಮಾತ್ರ. "ಅಕ್ಕೋರ ಮಾತ ಕೇಳಿ ಹುಡಿಗಿ ಕೈ ಹೋತು," ಎಂದು ಓಣಿಯೆಲ್ಲ ಆಡಿಕೊಂಡಿತು. ಮುಂದಿನ ಶನಿವಾರ ತಾಯಂದಿರು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದರು. ಅಕ್ಕೋರು ಡಬ್ಬಿ ತೆರೆದು, ಸ್ವಲ್ಪ ಹೊತ್ತು ಒಬ್ಬರೇ ಕೂತು, ಮತ್ತೆ ಮುಚ್ಚಿದರೆಂದು ಗೆಳತಿ ಹೇಳಿದಳು.

ಚಿಕ್ಕೋಡಿಯ ಡಾಕ್ಟರರು ಮುಲಾಮು ಕೊಟ್ಟು, ದಿನಾ ಪಟ್ಟಿ ಬದಲಿಸಬೇಕೆಂದಿದ್ದರು. ಅಜ್ಜಿಗೆ ಅದು ಆಗದ ಕೆಲಸ. ಅವಳ ಎಡಗೈಯ ಬೆರಳುಗಳು ಚಿಕ್ಕಂದಿನಲ್ಲಿ ಇದೇ ಪಾಕ ಬಿದ್ದು, ಒಂದಕ್ಕೊಂದು ಅಂಟಿ ಕೊಕ್ಕೆಯಂತೆ ಬಾಗಿದ್ದವು. ಆಗ ಅವಳ ಕೈಗೆ ಸುಣ್ಣ ಮೆತ್ತಿದ್ದರಂತೆ, ಹನಿ ನೀರು ತಾಗಿಸಿರಲಿಲ್ಲವಂತೆ. ಹಾಗಾಗಿ ಪಟ್ಟಿ ಕಟ್ಟಲು ಅಕ್ಕೋರೇ ಬರತೊಡಗಿದರು. ತಾನಿಲ್ಲದಾಗ ನನ್ನನ್ನು ಮುಟ್ಟಬಾರದೆಂದು ಅಜ್ಜಿಯ ಅಪ್ಪಣೆ. ಅವಳು ಹೊಲದಿಂದ ಬರುವುದೋ ಮುಸ್ಸಂಜೆಗೆ. ಅಲ್ಲಿಯವರೆಗೆ ಅಕ್ಕೋರು ನಮ್ಮ ಕಟ್ಟೆಯ ತುದಿಯಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಯಾರೂ ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ.

ಬೆರಳು ಬೆರಳಿಗೆ ಬೇರೆ ಬೇರೆ ಪಟ್ಟಿ ಸುತ್ತುತ್ತಿದ್ದರು, ಅಂಟಿಕೊಳ್ಳಬಾರದೆಂದು. "ಬೊಬ್ಬಿ ಒಡೀಬ್ಯಾಡ ತಂಗಿ. ಅದು ನಿನ್ನ ಮೈ ತಾನ ಕಟ್ಟಿದ ಪಟ್ಟಿ." ಆಮೇಲೆ, ನೋವಾದರೂ ಬಿಡದೆ: "ಮುಷ್ಟಿ ಹಿಡಿ. ಬಿಡು."

ಒಂದು ಸಂಜೆ ಅಜ್ಜಿಗೆ ಏನನ್ನಿಸಿತೋ, "ಊಟ ಆತೇನ್ರಿ?" ಎಂದಳು.

"ಹೊತ್ತು ಮುಳುಗೇತಲ್ರಿ. ಇನ್ನ ನಾಳಿಗಿ."

ನನ್ನ ಕೈಗಾಗಿ ಅವರು ಅಷ್ಟು ದಿನ ಸಂಜೆಯೂಟ ಬಿಟ್ಟಿದ್ದರೆಂಬುದು ಆಗಲೇ ನಮಗೆ ಹೊಳೆದದ್ದು.

ಕೊನೆಯ ಪಟ್ಟಿ ಬಿಚ್ಚಿದ ದಿನ ನನ್ನ ಐದೂ ಬೆರಳು ನೆಟ್ಟಗೆ ತೆರೆದವು. ಅಜ್ಜಿ ನನ್ನ ಕೈ ನೋಡಿದಳು, ತನ್ನ ಕೈ ನೋಡಿಕೊಂಡಳು. ಮರುದಿನ ಹೊಲಕ್ಕೆ ಹೋಗಲಿಲ್ಲ. ಬಿಸಿ ರೊಟ್ಟಿ ಬಡಿದು, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಪಲ್ಯ ಮಾಡಿ ಗಂಟು ಕಟ್ಟಿ ಕೊಟ್ಟಳು. "ಹೊತ್ತು ಮುಳುಗೂದ್ರಾಗ ಕೊಟ್ಟ ಬಾ. ಏನೂ ಹೇಳಬ್ಯಾಡ. ರೊಟ್ಟಿ ನೋಡಿದ್ರ ಅವರಿಗಿ ತಿಳಿತೈತಿ."

ಕೋಣೆಗೆ ಬೀಗ ಬಿದ್ದಿತ್ತು. ಕಾಗವಾಡ ಕಡೆಗೆ ವರ್ಗವಾಗಿ ಮಧ್ಯಾಹ್ನದ ಬಸ್ಸಿಗೆ ಹೋದರೆಂದು ಹೆಡ್‌ಮಾಸ್ತರರು ಹೇಳಿದರು. ವರ್ಗ ಕೇಳಿಕೊಂಡವರು ಅವರೇ. ಆದೇಶ ಬಂದ ಮೇಲೂ ನನ್ನ ಪಟ್ಟಿ ಬಿಚ್ಚುವವರೆಗೆ ತಡೆದಿದ್ದರಂತೆ. ಗಂಟು ಹಿಡಿದು ಹಿಂದಿರುಗಿದೆ. ಆ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ, ತೊಂಬತ್ತರ ದಶಕದಲ್ಲಿ, ಅವರು ತೀರಿಕೊಂಡ ಸುದ್ದಿ ಬರುವುದಕ್ಕೆ ಸ್ವಲ್ಪ ಮೊದಲು. ಹುಷಾರಿಲ್ಲವೆಂದು ಕೇಳಿ ಕಾಗವಾಡಕ್ಕೆ ಹೋದೆ. ಅವರು ಉಣ್ಣುವ ಹೊತ್ತಿಗೆ, ಬಿಸಿಲಿರುವಾಗಲೇ ಮುಟ್ಟಬೇಕೆಂದು ಮಧ್ಯಾಹ್ನದ ಬಸ್ಸು ಹಿಡಿದಿದ್ದೆ. ಬಾಡಿಗೆಯ ಕೋಣೆ, ಒಂದು ಮಂಚ, ಬೋರಲು ಹಾಕಿದ ಒಂದು ತಾಟು. ಹೆಬ್ಬೆರಳಿನ ನೇರಳೆ ಪೂರಾ ಹೋಗಿತ್ತು. ನನಗೆ ಅಳು ಬಂದದ್ದು ಅದನ್ನು ನೋಡಿ. ಅವರ ಕಣ್ಣು ಮಂಜಾಗಿದ್ದವು. ಹೆಸರು ಹೇಳಿದರೂ ಗುರುತು ಹತ್ತಲಿಲ್ಲ.

ನನ್ನ ಬಲಗೈಯನ್ನು ಅವರ ಕೈಯಲ್ಲಿಟ್ಟೆ. ಒಂದೊಂದೇ ಬೆರಳು ಮುಟ್ಟಿ ನೋಡಿದರು.

"ಬೊಬ್ಬಿ ಬಂದಿದ್ವು," ಎಂದರು.

"ಪಟ್ಟಿ ಬಿಚ್ಚಿದ ಮರದಿನಾನ ಅಜ್ಜಿ ನಿಮಗ ರೊಟ್ಟಿ ಕಳಿಸಿದ್ಳರಿ. ನಿಮ್ಮ ಬಾಗಲಾ ಹಾಕಿತ್ತು."

"ಕಳಿಸಿದ್ಳಾ?" ನನ್ನ ಅಂಗೈಯನ್ನು ಮತ್ತೊಮ್ಮೆ ಸವರಿದರು. ಆಮೇಲೆ, "ಮುಷ್ಟಿ ಹಿಡಿ," ಎಂದರು.

ಹಿಡಿದೆ. ಅವರ ಬೆರಳುಗಳು ನನ್ನ ಮುಷ್ಟಿಯೊಳಗೇ ಇದ್ದವು. ಬಿಡು ಎನ್ನುತ್ತಾರೆಂದು ಕಾದೆ. ಹೊತ್ತು ಮುಳುಗಿತು. ಅವರು ಬಿಡು ಎನ್ನಲಿಲ್ಲ.