ನಾನೇ ಕೊಂದ ಹೆಪ್ಪು

ಮೊದಲು ಹೊಟ್ಟೆ ಕಲಸಿತು. ಆಮೇಲೆ ಜ್ವರ. ದಿನಕ್ಕೆ ಹದಿನೈದು ಸಲ ಬಾತ್‌ರೂಮು. ನಾಲ್ಕನೆಯ ದಿನ ಅಲ್ಲೇ ಕುಸಿದೆ. ಹೆಂಡತಿ ಗಿರಿಜಾ ನನ್ನನ್ನು ಸ್ಯಾನ್ ಡಿಯಾಗೋದ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಇದು 2006ರ ಮಾತು.

ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ ಎಂದು ಡಾಕ್ಟರ್ ಕೇಳಿದರು.

"ನೋ."

ಸುಳ್ಳು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದೇ ಊರಿನ ಕರ್ನಿ ಮೆಸಾ ಬಡಾವಣೆಯ ಹೋಟೆಲಿನಲ್ಲಿ ಮುಖ್ಯ ಅಡುಗೆಯವನಾಗಿದ್ದು ಬರೀ ದುಡಿಮೆಯಿಂದ. ರಜೆ ಎಂದರೆ ಅವಮಾನ. ಗಂಟಲು ಕೆರೆದರೂ ಆಂಟಿಬಯಾಟಿಕ್ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದೆ. ಊರಿಗೆ ಹೋದವರೆಲ್ಲ ಹುಬ್ಬಳ್ಳಿಯಿಂದ ನನಗಾಗಿ ಸ್ಟ್ರಿಪ್ಪುಗಳನ್ನು ಸೂಟ್‌ಕೇಸಿನಲ್ಲಿ ತರುತ್ತಿದ್ದರು. ಡಾಕ್ಟರ ಚೀಟಿಯ ಗೋಜಿಲ್ಲ. ಓದಿದವರೆದುರು ಇದನ್ನು ಹೇಗೆ ಹೇಳುವುದು?

ಗಿರಿಜಾ ಮನೆಗೆ ಹೋಗಿ ಮಾತ್ರೆಯ ಡಬ್ಬಿ ತಂದು ಹಾಸಿಗೆಯ ಮೇಲೆ ಸುರಿದಳು.

"ಖರೇ ಹೇಳ್ರಿ ಅಂದ್ರ ದೊಡ್ಡಸ್ತನ ಅಡ್ಡ ಬರ್ತೈತಿ ನಿಮಗ. ಈಗ ಡಾಕ್ಟರೇ ಓದ್ಕೊಳ್ಳಲಿ!"

ಹತ್ತು ವರ್ಷದ ಮಗಳು ಸ್ಟ್ರಿಪ್ಪುಗಳನ್ನು ನೋಡಿ ಅತ್ತಳು. "ಅಪ್ಪಾ, ದಿಸ್ ಈಸ್ ನಾಟ್ ಕ್ಯಾಂಡಿ."

ಡಾಕ್ಟರ್ ಬೈಯಲಿಲ್ಲ. ಕಾಗದದ ಮೇಲೆ ಕರುಳಿನ ಗೋಡೆ ಬರೆದು ತೋರಿಸಿದರು. ಅಲ್ಲಿ ವಾಸಿಸುವ ಒಳ್ಳೆಯ ಬ್ಯಾಕ್ಟೀರಿಯಾ ನಮಗೆ ಜೀರ್ಣವಾಗದ ನಾರನ್ನು ತಿಂದು ಬ್ಯುಟಿರೇಟ್ ಎಂಬುದನ್ನು ತಯಾರಿಸುತ್ತವಂತೆ. ಅದೇ ಗೋಡೆಯ ಜೀವಕೋಶಗಳಿಗೆ ಊಟ, ಅದರಿಂದಲೇ ಗೋಡೆ ಬಿಗಿಯಾಗಿ ನಿಲ್ಲುತ್ತದಂತೆ. ನನ್ನ ಮಾತ್ರೆಗಳು ಅವುಗಳನ್ನೇ ಕೊಂದಿದ್ದವು. ಖಾಲಿಯಾದ ಜಾಗಕ್ಕೆ ಸಿ ಡಿಫ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ನುಗ್ಗಿ ವಿಷ ಬಿಟ್ಟು ಗೋಡೆ ಕೆಡವುತ್ತಿತ್ತು.

ಮೂರು ದಿನದಲ್ಲಿ ರೋಗ ಇಳಿಯದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕಾಗಬಹುದು ಎಂದರು.

ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಹಂಗಾರ ಹೊಟ್ಟ್ಯಾಗಿನ ನನ್ನ ಹೆಪ್ಪು ನಾನೇ ಕೊಂದೇನಿ," ಎಂದೆ ಗಿರಿಜಾಗೆ.

"ಹೂಂ. ಊರ ಮಂದಿಗೆಲ್ಲಾ ಹೆಪ್ಪು ಹಾಕಿ ಮೊಸರು ಬಡಸಾವ್ರು!" ಎಂದಳು. ಕಣ್ಣು ಒರೆಸಿಕೊಂಡಳು.

ಆ ಕೆಟ್ಟ ಬ್ಯಾಕ್ಟೀರಿಯಾಕ್ಕೆಂದೇ ವ್ಯಾಂಕೊಮೈಸಿನ್ ಎಂಬ ಔಷಧಿ ಕುಡಿಸಿದರು. ಎರಡು ದಿನ ಏನೂ ಬದಲಾಗಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. ಸರ್ಜನ್ ಬಂದು ಚಾರ್ಟ್ ನೋಡಿ, ಹೊಟ್ಟೆ ಒತ್ತಿ, "ನನ್ನ ಅಗತ್ಯವಿಲ್ಲ," ಎಂದು ಹೊರಟರು. ಅಷ್ಟು ಚಂದದ ಬೆನ್ನನ್ನು ನಾನು ನೋಡಿಲ್ಲ.

ಈ ರೋಗ ಮತ್ತೆ ಬರಬಹುದು ಎಂದು ಡಾಕ್ಟರ್ ಎಚ್ಚರಿಸಿಯೇ ಮನೆಗೆ ಕಳಿಸಿದರು. ಬೇಳೆ, ಬಾಳೆಹಣ್ಣು, ಆಮೇಲೆ ರೊಟ್ಟಿ, ನಿಧಾನಕ್ಕೆ ಶುರುಮಾಡಿದೆ. ಒಳಗಿರುವವಕ್ಕೂ ಬಡಿಸುತ್ತಿದ್ದೇನೆ ಎಂಬ ಲೆಕ್ಕದಲ್ಲಿ ಉಣ್ಣುತ್ತೇನೆ.

ಐದನೆಯ ವಾರ ಬಾತ್‌ರೂಮಿನಿಂದ ಬಂದವನೇ ನಾಚಿಕೆ ಬಿಟ್ಟು ಕೂಗಿದೆ: "ಇವತ್ತ ಗಟ್ಟಿ ಆತು!"

"ಯಕ್, ಅಪ್ಪಾ!" ಮಗಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಲ್ಲಿ ನಗುತ್ತಿದ್ದಳು.