ಅತ್ತೆಯ ಕಾರಿನ ಅಸಲಿ ಬಣ್ಣ

ಬಣ್ಣದ ವಿಷಯಕ್ಕೆ ನಾನು ನನ್ನ ಹೆಂಡತಿಯ ತಮ್ಮನೊಡನೆ ಹನ್ನೊಂದು ದಿನ ಮಾತು ಬಿಟ್ಟಿದ್ದೆ. ಆಸ್ತಿಗಾಗಿ ಮಾತು ಬಿಟ್ಟವರಿದ್ದಾರೆ, ಮದುವೆಯಲ್ಲಿ ಊಟಕ್ಕೆ ಕರೆಯಲಿಲ್ಲವೆಂದು ಬಿಟ್ಟವರಿದ್ದಾರೆ. ಒಂದು ಡಬ್ಬಿ ಬಣ್ಣಕ್ಕಾಗಿ ಬಿಟ್ಟವನು ನಮ್ಮ ಬಳಗದಲ್ಲಿ ನಾನೊಬ್ಬನೇ. ನಾಚಿಕೆಯಾಗಬೇಕಿತ್ತು, ಸಿಟ್ಟು ಬಂದಿತ್ತು. ನೆನೆದರೆ ಈಗಲೂ ಸ್ವಲ್ಪ ಬರುತ್ತದೆ.

ಇದಕ್ಕೆ ನನ್ನ ಉದ್ಯೋಗವೂ ಕಾರಣವಿರಬೇಕು. ಹೈದರಾಬಾದಿನ ಒಂದು ಕೇಂದ್ರ ಸರಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿದ್ದೆ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ನಿವೃತ್ತನಾದ ಮೇಲೆ ಅದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆ ಮುಂದುವರಿಸಿದ್ದೇನೆ ಎಂದು ನನ್ನ ಹೆಂಡತಿ ಸುಧಾ ಬಂದವರಿಗೆಲ್ಲ ಹೇಳುತ್ತಾಳೆ. ಮನೆಯವರ ಪುಣ್ಯಕ್ಕೋ ಪಾಪಕ್ಕೋ, ನಿವೃತ್ತನಾದ ವರ್ಷವೇ ಅತ್ತೆಯ ಕಾರು ನನ್ನ ಕೈಗೆ ಬಂತು.

ಅತ್ತೆ ಎಂದರೆ ನನ್ನ ಸೋದರತ್ತೆ, ಡಾಕ್ಟರ್ ಇಂದಿರಾಬಾಯಿ. ಬಿಜಾಪುರದ ಕಡೆಯಿಂದ ಓದಲಿಕ್ಕೆಂದು ಬಂದು ಇಲ್ಲಿಯೇ ನಿಂತವರು. ಮದುವೆ ಮಾಡಿಕೊಳ್ಳಲಿಲ್ಲ. ಕಾಚಿಗೂಡದ ಗಲ್ಲಿಗಳಲ್ಲಿ ಇಪ್ಪತ್ತೈದು ವರ್ಷ ತಾವೇ ಕಾರು ನಡೆಸಿಕೊಂಡು ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದರು. ಆಗ ಅವರಿಗೆ ಎಂಬತ್ತೆರಡು. ನಾರಾಯಣಗೂಡದ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಪತ್ರಿಕೆ ಓದಿ ಎರಡನ್ನೂ ಬೈಯುತ್ತಿದ್ದರು. ಸಿಟ್ಟು ನಮ್ಮ ಮನೆತನದ್ದೇ.

ಕಾರು ಐವತ್ತರ ದಶಕದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ಗುಂಡು ದೀಪಗಳು, ದುಂಡು ಬೆನ್ನು, ಮೈಯೆಲ್ಲ ಕೆನೆಬಣ್ಣ. ವರ್ಷಗಟ್ಟಲೆ ತಾಡಪತ್ರಿಯ ಕೆಳಗೆ ಕೂತು ಆ ಕೆನೆ ಒಡೆದ ಹಾಲಿನಂತಾಗಿತ್ತು. ಎಂಜಿನ್ ಒಂದೇ ತಿಂಗಳಲ್ಲಿ ಸರಿಯಾಯಿತು. ಎಂಜಿನ್ ಬಗ್ಗೆ ಯಾರಿಗೂ ಅಭಿಪ್ರಾಯವಿರಲಿಲ್ಲವಲ್ಲ, ಅದಕ್ಕೆ. ಬಣ್ಣದ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು.

ಹೊಸ ಬಣ್ಣದ ಪಕ್ಷಕ್ಕೆ ನನ್ನ ಭಾವಮೈದುನ ಪ್ರಕಾಶನೇ ನಾಯಕ. ದಿಲ್‌ಸುಖ್‌ನಗರದಲ್ಲಿ ಅವನ ಬಣ್ಣದ ಅಂಗಡಿ. ಗಟ್ಟಿಗೊಳಿಸುವ ದ್ರಾವಣ ಬೆರೆಸಿ ಹೊಡೆಯುವ ಈಗಿನ ಬಣ್ಣ ಮಳೆಗೆ ಬಿಸಿಲಿಗೆ ಜಗ್ಗುವುದಿಲ್ಲವೆಂದು ಅವನ ವಾದ. ಕಂಪ್ಯೂಟರಿನಲ್ಲಿ ಕೆನೆಬಣ್ಣ ತೋರಿಸು ಎಂದೆ. ನಲವತ್ತು ಕೆನೆ ತೋರಿಸಿದ. ಒಂದು ಬಣ್ಣಕ್ಕೆ ನಲವತ್ತು ಮುಖಗಳಿದ್ದರೆ ಅದನ್ನು ನಂಬುವುದು ಹೇಗೆ? ಮೇಲೆ ಗಾಜಿನಂಥ ಇನ್ನೊಂದು ಪದರು ಹೊಡೆದ ಮಾದರಿಯನ್ನು ಹೆಮ್ಮೆಯಿಂದ ಕೈಗೆ ಕೊಟ್ಟ. ಸ್ನಾನದ ಮನೆಯ ಹೊಸ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಸಾವಿರ ವರ್ಷದ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುವ ಜನ ನಾವು, ನಮ್ಮ ಕೈಗೆ ಏನು ಸಿಕ್ಕರೂ ಇದೇ ಗತಿ ಎಂದು ಅವನ ಗಿರಾಕಿಗಳೆದುರೇ ಭಾಷಣ ಮಾಡಿದೆ. ಅವನು ಮೆಲ್ಲಗೆ, "ಭಾವಜೀ, ಗಾಡಿ ಓಡಸೂದಕ್ಕೋ, ಪೂಜಾ ಮಾಡೂದಕ್ಕೋ?" ಎಂದ. ಹನ್ನೊಂದು ದಿನಗಳ ಮೌನ ಅಲ್ಲಿಂದ ಶುರು.

ನನ್ನದು, ಆಗಿನ ಕಾರುಗಳಿಗೆ ಹೊಡೆಯುತ್ತಿದ್ದ ಹಳೆಯ ಲ್ಯಾಕರ್ ಬಣ್ಣದ ಪಕ್ಷ. ಆ ಮೌನದ ದಿನಗಳಲ್ಲಿ ನಾನು ಲ್ಯಾಕರಿನ ಬಗ್ಗೆ ಬೇಕಾದ್ದು ಬೇಡವಾದದ್ದು ಎಲ್ಲ ಓದಿಕೊಂಡೆ. ಅದನ್ನು ಮಾಡುವುದು ಹತ್ತಿಯ ನಾರಿನಿಂದ. ಬಂದೂಕಿನ ಮದ್ದು ಅದರ ಹತ್ತಿರದ ಸಂಬಂಧಿ. ಇಷ್ಟು ಬಿಸಿರಕ್ತದ ಬಣ್ಣ ನನ್ನ ಸ್ವಭಾವಕ್ಕೆ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ತೆಳ್ಳಗೆ ಹತ್ತು ಸಲ ಹೊಡೆದು, ನಡುನಡುವೆ ಕೈಯಿಂದ ಉಜ್ಜಿದರೆ ಬೆಳಕು ಒಳಗಿನಿಂದ ಬಂದಂತೆ ಕಾಣುತ್ತದೆ. ಹಳೆಯ ಕಾರುಗಳ ಸಂಘವೊಂದರ ಕಾರ್ಯದರ್ಶಿ ನನ್ನ ಬೆನ್ನು ತಟ್ಟಿದರು. ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣ, ಆಗಿನದೇ ಲ್ಯಾಕರ್, ಇವೆರಡೂ ಇಲ್ಲದ ಕಾರು ನಕಲಿ ನಾಣ್ಯಕ್ಕೆ ಸಮ ಎಂದರು. ನಾನು ಆ ಮಾತನ್ನು ಮನೆಗೆ ತಂದು ಮೂರು ದಿನ ಎಲ್ಲರಿಗೂ ಬಡಿಸಿದೆ.

ಕಾಚಿಗೂಡ ಸ್ಟೇಷನ್ನಿನ ಹಿಂದೆ ಯೂಸುಫ್ ಉಸ್ತಾದರ ಶೆಡ್. ಲ್ಯಾಕರ್ ಹೊಡೆಯಬಲ್ಲ ಕೈ ಊರಲ್ಲಿ ಉಳಿದದ್ದು ಅವರದೊಂದೇ ಎಂದು ಕೇಳಿದ್ದೆ. ಅವರ ತಾಯಿ ಬೀದರಿನವರು, ಹಾಗಾಗಿ ಕನ್ನಡ ಬರುತ್ತಿತ್ತು. ಕಾರಿನ ಸುತ್ತ ಒಂದು ಸುತ್ತು ಹಾಕಿ, ನನ್ನ ಪೂರ್ತಿ ಉಪನ್ಯಾಸ ಕೇಳಿ, ಕೊನೆಗೆ ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು ಒಂದೇ ಪ್ರಶ್ನೆ ಕೇಳಿದರು. ನಮ್ಮ ಮನೆಯ ಶೆಡ್ಡು ಬಿದ್ದುಹೋಗಿದೆ, ಇನ್ನು ಮನೆ ಮುಂದೆ ಬೇವಿನ ಮರದ ಕೆಳಗೆ ಎಂದೆ. ಅವರು ಬಾಗಿಲಿನ ಮೂಲೆಯ ಮೇಲೆ ಬೆರಳಾಡಿಸಿದರು. ಮೊದಲು ಹಳೆಯದನ್ನು ಉಜ್ಜಿ ತೆಗೆಯೋಣ ಎಂದರು.

ಮೂರನೆಯ ದಿನ ಅವರೇ ಕರೆಸಿದರು. ಬಾಗಿಲಿನ ಒಂದು ಮೂಲೆಯಲ್ಲಿ ಬಣ್ಣ ಉಜ್ಜಿ ಅಂಗೈಯಷ್ಟು ಜಾಗ ಮಾಡಿದ್ದರು. ಕೆನೆಯ ಕೆಳಗೆ ಕಪ್ಪು, ಹೊಳೆಯುವ ಇದ್ದಲಿನಂಥ ಕಪ್ಪು.

"ಸಾಬ್, ಅಸಲಿ ಕಾಲಾ ಐತಿ. ಮ್ಯಾಲಿಂದು ಗಾಡಿ ಬಣ್ಣಾನೇ ಅಲ್ಲ. ಬಾಗಲಾ ಕಿಟಕಿಗೆ ಹಚ್ಚೂದು, ಬ್ರಶ್‌ಲೆ ಹಚ್ಚ್ಯಾರ," ಎಂದರು ಉಸ್ತಾದ್. ಕೆನೆಯ ಮೇಲೆ ಅವರು ಬೆರಳಿಟ್ಟು ತೋರಿಸಿದಾಗ ಕೂದಲಿನಷ್ಟು ಸಣ್ಣ ಗೆರೆಗಳು ನನಗೂ ಕಂಡವು. ಮೂವತ್ತು ವರ್ಷ ತಪ್ಪು ಹುಡುಕಿದ ಕಣ್ಣಿಗೆ ಇದು ಕಂಡಿರಲಿಲ್ಲ.

ನಾನು ಕೆರಳಿ ಮನೆಗೆ ಬಂದೆ. ಈ ಕೆನೆಬಣ್ಣಕ್ಕಾಗಿ ಸಂಬಂಧಿಕರನ್ನು ಕಳೆದುಕೊಂಡಿದ್ದೇನೆ, ಅದು ಕಿಟಕಿಗೆ ಬಳಿಯುವ ಬಣ್ಣವೆಂದು ಅತ್ತೆ ಒಂದು ಮಾತು ಹೇಳಬಾರದಿತ್ತೇ? ನೇರವಾಗಿ ಅವರ ಕುರ್ಚಿಯೆದುರು ನಿಂತು ಕೇಳಿದೆ. ಅವರು ಪತ್ರಿಕೆ ಮಡಿಸಿಟ್ಟರು.

"ನೀ ಕೇಳಲೇ ಇಲ್ಲಲೋ ವೆಂಕ್ಯಾ. ತಿಂಗಳಿಂದ ನೀನೇ ಮಾತಾಡಾಕತ್ತಿ," ಎಂದರು.

ಆಮೇಲೆ ಹೇಳಿದರು. ಕಾರು ಕೊಂಡ ಹೊಸದರಲ್ಲಿ, ಗಲ್ಲಿಯೊಂದರ ಮನೆಗೆ ಹೆರಿಗೆಗೆ ಹೋಗಿದ್ದರಂತೆ. ಹತ್ತೊಂಬತ್ತರ ಹುಡುಗಿ, ಚೊಚ್ಚಲು. ಬಾಗಿಲಿಗೆ ಕರಿ ಗಾಡಿ ಬಂದು ನಿಂತದ್ದನ್ನು ಕಿಟಕಿಯಿಂದ ನೋಡಿದವಳೇ ತಾನು ಉಳಿಯುವುದಿಲ್ಲವೆಂದು ಅಳತೊಡಗಿದಳು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಆ ಹುಡುಗಿ ಹೆರಿಗೆಯ ಹೊತ್ತಿಗೆ ನೋವಿಗಿಂತ ಆ ಗಾಡಿಗೇ ಹೆಚ್ಚು ಹೆದರಿದ್ದಳು. ಇನ್ನೆರಡು ಮನೆಗಳಲ್ಲಿಯೂ ಹೀಗೆಯೇ ಆಯಿತು. ಕರಿ ಬಣ್ಣ ಅಪಶಕುನ, ಗಾಡಿಯನ್ನು ಗಲ್ಲಿಯ ತುದಿಗೆ ನಿಲ್ಲಿಸಿ ನಡೆದು ಬನ್ನಿ ಎಂದು ಹಿರಿಯರು ಹೇಳಿ ಕಳಿಸತೊಡಗಿದರು. ಒಂದು ಭಾನುವಾರ ಅತ್ತೆ ದವಾಖಾನೆಯ ಕಿಟಕಿಗಳಿಗೆ ತಂದಿದ್ದ ಬಣ್ಣದಲ್ಲಿ ಉಳಿದದ್ದನ್ನು ತೆಗೆದುಕೊಂಡು, ಕಂಪೌಂಡರನನ್ನು ಜೊತೆಗಿಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ತಾವೇ ಬಳಿದರು.

"ನನಗೇನು ಅದರಾಗ ನಂಬಿಕಿ ಇರಲಿಲ್ಲ. ಖರೇ, ಬ್ಯಾನಿ ತಿನ್ನಾಕಿ ನಾನಲ್ಲ, ಆಕಿ. ಆಕೀಗೆ ಹೆದರಿಕಿ ಆಗಬಾರದು, ಅಷ್ಟ," ಎಂದರು.

ನಾನು ಬೈಯಲು ಬಂದವನು, ಕುರ್ಚಿ ಎಳೆದುಕೊಂಡು ಕೂತೆ. ಇಪ್ಪತ್ತೈದು ವರ್ಷ ಆ ಬಣ್ಣ ಏನು ಕೆಲಸ ಮಾಡಿತ್ತೋ ಅದನ್ನು ಪರೀಕ್ಷಿಸುವ ಉಪಕರಣ ನಮ್ಮ ಕಾರ್ಖಾನೆಯಲ್ಲಿರಲಿಲ್ಲ.

ಆದರೆ ಸಿಟ್ಟು ಸುಮ್ಮನೆ ಇಳಿಯುವ ಪದಾರ್ಥವಲ್ಲ, ಅದಕ್ಕೊಂದು ಗುರಿ ಬೇಕು. ಕಾರ್ಯದರ್ಶಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ತಣ್ಣಗೆ, ಹಾಗಾದರೆ ಕಪ್ಪು ಲ್ಯಾಕರ್ ಹೊಡೆಸಿ, ಅದೇ ಸರಿಯಾದದ್ದು, ನಡುವೆ ಯಾರೋ ಬಳಿದದ್ದು ಲೆಕ್ಕಕ್ಕಿಲ್ಲ ಎಂದರು. ಯಾರೋ! ಫೋನ್ ಇಟ್ಟವನೇ ಪ್ರಕಾಶನಿಗೆ ಮಾಡಿ, ಕೆನೆಬಣ್ಣವೇ ಇರಲಿ, ನಿನ್ನ ಹೊಸದನ್ನೇ ಹೊಡೆಯೋಣ ಎಂದೆ. ಹನ್ನೊಂದನೆಯ ದಿನ ಮೌನ ಮುಗಿದದ್ದು ಹೀಗೆ. ಪಾಪ, ಅವನು ಗೆದ್ದೆನೆಂದು ಕುಣಿಯಲಿಲ್ಲ. ಸಂಜೆಯೇ ಬಣ್ಣದ ಪಟ್ಟಿ ಹಿಡಿದು ಮನೆಗೆ ಬಂದ.

ಉಸ್ತಾದರೂ ಅವತ್ತೇ ಬಾಯಿ ಬಿಟ್ಟರು. ಲ್ಯಾಕರ್ ಹೊಡೆಯುವುದು ತಮಗೆ ಖುಷಿಯೇ, ಆದರೆ ನಮ್ಮೂರ ಮೇ ತಿಂಗಳ ಬಿಸಿಲಿನಲ್ಲಿ ಮರದ ಕೆಳಗೆ ನಿಂತರೆ ಎರಡೇ ವರ್ಷದಲ್ಲಿ ಬಿರುಕು ಬಿಡುತ್ತದೆ, ಹಕ್ಕಿಯ ಹಿಕ್ಕೆ ಬಿದ್ದಲ್ಲೆಲ್ಲ ಕಲೆ ಕೂರುತ್ತದೆ ಎಂದರು. ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ತುಮೇ ಅಷ್ಟು ಗುಸ್ಸಾದಾಗ ಇದ್ರಿ ಸಾಬ್," ಎಂದು ನಕ್ಕರು. ಹೊಸ ಬಣ್ಣದ ಹೊಗೆ ಎದೆಗೆ ಕೆಟ್ಟದ್ದು, ತಮ್ಮ ತೆರೆದ ಶೆಡ್ಡಿನಲ್ಲಿ ಹೊಡೆಯುವುದಿಲ್ಲ ಎಂದೂ ಖಂಡಿತವಾಗಿ ಹೇಳಿದರು. ಅದಕ್ಕೆ ಬೇಕಾದ ಮುಚ್ಚಿದ ಕೋಣೆ, ಮುಖವಾಡ ಎಲ್ಲ ಪ್ರಕಾಶನ ಗೆಳೆಯನ ವರ್ಕ್‌ಶಾಪಿನಲ್ಲಿದ್ದವು.

ನಲವತ್ತು ಕೆನೆಗಳಲ್ಲಿ ಒಂದನ್ನು ಅತ್ತೆ ಕನ್ನಡಕ ಏರಿಸಿ ಎರಡೇ ನಿಮಿಷದಲ್ಲಿ ಆರಿಸಿದರು. ಗಾಜಿನ ಪದರು ಬೇಡವೆಂದೆ, ಪ್ರಕಾಶ ಒಪ್ಪಿದ. ಹೊಡೆದು ಒಣಗಿದ ಮೇಲೆ ಉಸ್ತಾದ್ ನಾಲ್ಕು ದಿನ ಕೂತು ನಯವಾದ ಮರಳುಕಾಗದದಿಂದ ಉಜ್ಜಿ, ಕೈಯಿಂದಲೇ ಪಾಲಿಶ್ ಮಾಡಿ, ಬಕೆಟ್ಟಿನ ಹೊಳಪನ್ನು ಇಳಿಸಿದರು. ಕಾರು ಮನೆಗೆ ಬಂದಾಗ ಆಗತಾನೆ ಸ್ನಾನ ಮಾಡಿ ಬಂದ ಮನುಷ್ಯರ ಹಾಗೆ ಕಾಣುತ್ತಿತ್ತು.

ಸಂಘದ ಪ್ರದರ್ಶನಕ್ಕೆ ಒಯ್ದೆವು. ಕಾರ್ಯದರ್ಶಿ ಉಗುರಿನಿಂದ ಬಾನೆಟ್ ತಟ್ಟಿ, ಕಪ್ಪಲ್ಲ, ಲ್ಯಾಕರೂ ಅಲ್ಲವೆಂದು ಬರೆದುಕೊಂಡು, ಸ್ಪರ್ಧೆಯ ಸಾಲಿನಿಂದ ತೆಗೆಸಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಲು ಹೇಳಿದರು. ನಾನು ತೋಳೇರಿಸುವಷ್ಟರಲ್ಲಿ ಅತ್ತೆ, ಅಲ್ಲಿ ನೆರಳು ಚೆನ್ನಾಗಿದೆ, ಅಲ್ಲಿಗೇ ಹೋಗೋಣ ಎಂದರು. ಊಟದ ಹೊತ್ತಿಗೆ ಟ್ಯಾಂಕಿನ ಪಕ್ಕ ಒಂದು ಗುಂಪೇ ಕೂಡಿತ್ತು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಹೆರಿಗೆಯ ಕತೆ ಹೇಳುತ್ತಿದ್ದರು. ಕಾರ್ಯದರ್ಶಿಯವರ ಹೆಂಡತಿಯೂ ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮನೆಗೆ ಬಂದು ಸಂಘಕ್ಕೆ ನಾಲ್ಕು ಪುಟದ ಖಂಡನಾ ಪತ್ರ ಬರೆದೆ. ಸುಧಾ ಓದಿ, ಎರಡು ಕಾಗುಣಿತ ತಿದ್ದಿ, ಭಾಳ ಛಲೋ ಬರೆದಿದ್ದೀರಿ ಎಂದಳು. ಆ ಪತ್ರ ಇನ್ನೂ ಅಂಚೆಗೆ ಬಿದ್ದಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಟಾಗಲೆಲ್ಲ ಅತ್ತೆ ನಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟುತ್ತಾರೆ. ಅಂದಮೇಲೆ ಕಾರು ತೆಗೆಯಬೇಕು. ತೆಗೆದ ಮೇಲೆ ಒಂದು ಸುತ್ತು ಜಾಸ್ತಿ ಹೋಗದೆ ಅವರು ಬಿಡುವುದಿಲ್ಲ. ಯಾವುದೋ ಗಲ್ಲಿಯ ಬಾಯಲ್ಲಿ ನಿಧಾನ ಮಾಡಿಸಿ, ಈ ಮನೆಯಲ್ಲಿ ಅವಳಿ ಎನ್ನುತ್ತಾರೆ, ಆ ಮನೆಯಲ್ಲಿ ಮಗು ಅಡ್ಡ ಬಂದಿತ್ತು ಎನ್ನುತ್ತಾರೆ. ನಾನು ಕೇಳುತ್ತ ಕಾರು ನಡೆಸುತ್ತೇನೆ. ಅಂಚೆ ಡಬ್ಬಿ ನೆನಪಾಗುವಾಗ ಅದನ್ನು ದಾಟಿ ಬಹಳ ದೂರ ಬಂದಿರುತ್ತೇವೆ.